ಎತ್ತಿಟ್ಟ ಬಸ್ಸಾರು

ಮಾಡಿದ ದಿನವೇ ಬಸ್ಸಾರು ಉಂಡವರು ಬಸ್ಸಾರು ಉಂಡೇ ಇಲ್ಲ. ಇದು ನನ್ನ ಮಾತಲ್ಲ, ನಮ್ಮ ಅತ್ತಿಗೆಯದು. ಕಾಳು ಸೊಪ್ಪು ಬೇಯಿಸಿ, ಬಸಿದ ನೀರಿಗೆ ಖಾರ ರುಬ್ಬಿ ಹಾಕಿ ಕುದಿಸಿದರೆ ಮೊದಲ ದಿನ ಅದು ಬರೀ ಸಾರು. ಮಾರನೇ ದಿನ ಕಾಯಿಸಿದಾಗ ಹುಣಿಸೆಹಣ್ಣು ಬೆಳ್ಳುಳ್ಳಿಯ ಜೊತೆ ರಾಜಿಗೆ ಬರುತ್ತದೆ. ಮೂರನೇ ದಿನಕ್ಕೆ ಬತ್ತಿ, ಗಟ್ಟಿಯಾಗಿ, ಬೋಸಿ ಪಾತ್ರೆಯ ಅಂಚಿಗೆ ಹತ್ತಿಕೊಂಡಿರುತ್ತದಲ್ಲ, ಆಗ ಒಂದು ಬಿಸಿ ಮುದ್ದೆ ಇಟ್ಟುಕೊಂಡು ಅದರ ಮುಂದೆ ಕೂತರೆ ಅರಮನೆಯಿಂದ ಕರೆ ಬಂದರೂ ಏಳಬಾರದು. ನಾನು ಎದ್ದವಳಲ್ಲ. ಆದರೂ ಆ ಸಾರು ನನ್ನ ನಾಲಿಗೆಗೆ ಬಿದ್ದು ಆರು ವರ್ಷದ ಮೇಲಾಯಿತು.

ನನ್ನ ತವರು ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಹಳ್ಳಿ. ಕೊಟ್ಟದ್ದು ಸೋಸಲೆಗೆ. ಇರುವುದು ಟಿ. ನರಸೀಪುರದಲ್ಲಿ. ನಾನು ಅಲ್ಲೊಂದು ಪ್ರೈಮರಿ ಶಾಲೆಯಲ್ಲಿ ಟೀಚರು, ನಮ್ಮ ಯಜಮಾನರಿಗೆ ಹಾಲಿನ ಡೇರಿಯಲ್ಲಿ ಕೆಲಸ. ಮಕ್ಕಳಿಲ್ಲ. ಯಾಕಿಲ್ಲ ಅಂತ ಕೇಳುವವರಿಗೆ ಕೊಡುತ್ತಿದ್ದ ಉತ್ತರಗಳೂ ಈಗ ಮುಗಿದಿವೆ.

ಅಣ್ಣನ ಕೈ ಹಿಡಿದು ಅತ್ತಿಗೆ ನಮ್ಮ ಮನೆಗೆ ಬಂದಾಗ ನನಗೆ ಹನ್ನೊಂದು ವರ್ಷ, ಅವಳಿಗೆ ಹತ್ತೊಂಬತ್ತು. ಅವ್ವ ಹೊಲಕ್ಕೆ ಹೋದರೆ ಬರುವುದು ಸಂಜೆಗೇ. ಹಾಗಾಗಿ ನನ್ನ ತಲೆಗೆ ಎಣ್ಣೆ ಹಚ್ಚಿ ಹೇನು ಹೆಕ್ಕಿದವಳು, ಮೈನೆರೆದಾಗ ಕೊಬ್ಬರಿ ಬೆಲ್ಲ ತಿನ್ನಿಸಿದವಳು, ಓದಲು ಹಾಸ್ಟೆಲಿಗೆ ಹೊರಟಾಗ ಬಸ್ಸಿನ ಕಿಟಕಿಯಲ್ಲಿ ಹುರಿಹಿಟ್ಟಿನ ಡಬ್ಬಿ ತುರುಕಿದವಳು, ಎಲ್ಲಾ ಅವಳೇ. ಅವ್ವ ನನ್ನನ್ನು ಹೆತ್ತಳು. ಹೊಟ್ಟೆಗೆ ಹಾಕಿದವಳು ಅತ್ತಿಗೆ.

ಎತ್ತಿಡುವುದು ನಮ್ಮ ಮನೆಯ ಪದ್ಧತಿ. ರುಚಿಯಾದದ್ದು ಏನೇ ಮಾಡಲಿ, ಎದುರಿಗಿಲ್ಲದವರ ಪಾಲನ್ನು ಮೊದಲು ಎತ್ತಿಟ್ಟು ಆಮೇಲೆ ಇದ್ದವರಿಗೆ ಬಡಿಸುವುದು. ಇದ್ದವರಿಗೆ ಕಡಿಮೆ ಬಿದ್ದರೂ ಚಿಂತೆಯಿಲ್ಲ. ಅಣ್ಣ ಒಮ್ಮೆ ಇದಕ್ಕೆ ರೇಗಿದಾಗ ಅತ್ತಿಗೆ, “ಇದ್ದೋರು ಕೇಳ್ಕಂಡು ಉಂತಾರೆ. ಇಲ್ದೋರ್ಗೆ ಕೇಳೋರ್ ಯಾರು?” ಎಂದಿದ್ದಳು. ಮದುವೆಯಾದ ಮೇಲೆ ಆ ಮನೆಯಲ್ಲಿ ಇಲ್ಲದವಳು ನಾನೇ ತಾನೆ. ಗುರುವಾರ ಬಸ್ಸಾರು ಮಾಡಿದರೆ ನನ್ನ ಪಾಲು ಒಂದು ಸಣ್ಣ ಬೋಸಿಗೆ ಹೋಗುತ್ತಿತ್ತು. ಅದಕ್ಕೊಂದು ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಗುಂಡುಕಲ್ಲು ಹೇರಿ, ಬೆಳಿಗ್ಗೆ ಒಂದು ಸಲ ಸಂಜೆ ಒಂದು ಸಲ ಕಾಯಿಸಿ ಕಾಯಿಸಿ ಭಾನುವಾರದವರೆಗೆ ಕಾಪಾಡುತ್ತಿದ್ದಳು. ಅಣ್ಣ ಫ್ರಿಜ್ಜು ತಂದ. ಅದರಲ್ಲಿಟ್ಟ ಸಾರು ಸಪ್ಪೆಯಾಗುತ್ತದೆಂದು ಅತ್ತಿಗೆ ಅದರೊಳಗೆ ಹೂವು ಮತ್ತು ನೀರಿನ ಬಾಟಲಿ ಬಿಟ್ಟು ಬೇರೇನೂ ಇಡಲಿಲ್ಲ.

ಬಸ್ಸಾರು ಒಂದೇ ಅಲ್ಲ. ಹಬ್ಬಕ್ಕೆ ಬನ್ನೂರು ಕುರಿ ಕೊಯ್ದರೆ ನನ್ನ ಪಾಲಿನ ಬಾಡು ಉಪ್ಪು ಅರಿಶಿನ ಹಚ್ಚಿಸಿಕೊಂಡು, ದಾರಕ್ಕೆ ಪೋಣಿಸಿಕೊಂಡು, ಉಪ್ಪುಕಂಡವಾಗಿ ಒಲೆಯ ಮೇಲೆ ತೂಗುತ್ತಿತ್ತು. ಒಣಮೀನು ಬದನೆಕಾಯಿಯ ಸಾರು, ಎರಡು ವರ್ಷದ ಮಾವಿನಕಾಯಿ ಉಪ್ಪಿನಕಾಯಿ, ಸಿಪ್ಪೆ ಕರೀ ಚುಕ್ಕೆಯಾಗುವವರೆಗೆ ಹುಲ್ಲಿನಲ್ಲಿ ಮುಚ್ಚಿಟ್ಟ ರಸಬಾಳೆ, ಎಲ್ಲವೂ ನನಗಾಗಿ ಕಾಯುತ್ತಿದ್ದವು. ನಾನು ಬಸ್ಸಿಳಿದು ಬಾಗಿಲಿಗೆ ಬರುವ ಹೊತ್ತಿಗೆ ಅತ್ತಿಗೆ ಬೋಸಿಯನ್ನು ಒಲೆಗೇರಿಸಿರುತ್ತಿದ್ದಳು. ಹೊಸಿಲಲ್ಲೇ ಆ ವಾಸನೆ ಮೂಗಿಗೆ ಬಡಿಯುತ್ತಿತ್ತು. ದೇವರಾಣೆ, ನನ್ನ ಗಂಡನ ಮನೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೂ ಸೋಮವಾರದಿಂದಲೇ ನಾನು ಭಾನುವಾರಕ್ಕೆ ಕಾಯುತ್ತಿದ್ದೆ.

ನಲವತ್ತಮೂರನೇ ವರ್ಷದಲ್ಲಿ ಶುರುವಾಯಿತು. ಒಂದು ಭಾನುವಾರ ಉಂಡು ಜಗಲಿಯ ಮೇಲೆ ಕೂತಿದ್ದೆ. ಕಿವಿ ಬಿಸಿಯಾದವು. ಕುತ್ತಿಗೆ, ಎದೆ ಕೆಂಪಗೆ ದದ್ದುಗಟ್ಟಿದವು. ಮೂಗು ಕಟ್ಟಿ, ತಲೆ ಸಿಡಿದು, ಎದೆ ಡಬಡಬ ಹೊಡೆದುಕೊಂಡಿತು. ಅವ್ವ ಬಿಸಿಲು ಅಂದಳು, ಮಜ್ಜಿಗೆ ಕೊಟ್ಟಳು. ಹುಳಿ ಮಜ್ಜಿಗೆ ಕುಡಿದ ಮೇಲೆ ಇನ್ನೂ ಜಾಸ್ತಿಯಾಯಿತು. ಸೋಮವಾರ ಬೆಳಿಗ್ಗೆ ಏನೂ ಇಲ್ಲ, ಪಾಠ ಮಾಡಲು ಹೋದೆ. ಮುಂದಿನ ಭಾನುವಾರ ಮತ್ತೆ ಅದೇ. ಒಣಮೀನು ಸಾರು ಉಂಡ ದಿನ ಅಂತೂ ಹಿತ್ತಲಿನಲ್ಲಿ ವಾಂತಿ ಮಾಡಿಕೊಂಡು ಬಚ್ಚಲ ಕಲ್ಲಿನ ಮೇಲೆ ಕೂತುಬಿಟ್ಟೆ. ಅತ್ತಿಗೆ ಬೆನ್ನು ಸವರುತ್ತಾ, ಶಾಲೆಯಲ್ಲಿ ಬಿಸಿಯೂಟ ಏನು ಹಾಕುತ್ತಾರೋ ಏನೋ ಎಂದು ಬೈಯುತ್ತಾ ನಿಂತಿದ್ದಳು.

ಟಿ. ನರಸೀಪುರದ ಮನೆಯಲ್ಲಿಯೂ ಒಮ್ಮೊಮ್ಮೆ ತಲೆ ಸಿಡಿಯುತ್ತಿತ್ತು, ಮೈ ಕಡಿಯುತ್ತಿತ್ತು. ಆದರೆ ನಾವಿಬ್ಬರೇ ಇರುವುದರಿಂದ ಹೊತ್ತುಹೊತ್ತಿಗೆ ಒಂದಿಷ್ಟೇ ಮಾಡಿ ಮುಗಿಸುತ್ತಿದ್ದೆವು, ಅಷ್ಟು ಜೋರಾಗಿ ಆಗುತ್ತಿರಲಿಲ್ಲ. ಆದದ್ದನ್ನೆಲ್ಲ ಬಿಸಿಲು, ಧೂಳು, ಕಾಪಿ ತಿದ್ದಿದ ಆಯಾಸ ಎಂದು ತಳ್ಳಿಹಾಕುತ್ತಿದ್ದೆ. ತವರಿನಲ್ಲಿ ಆದದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡೆ. ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ. ನಾನು ಒಂದೊಂದನ್ನೇ ಎಣಿಸಿದೆ.

ನನಗಿಂತ ಮೊದಲು ಎಣಿಸಿದವಳು ಅವ್ವ. ಮಾತು ಕಡಿಮೆ, ಕಣ್ಣು ಚುರುಕು ಅವಳದು. ಒಂದು ಮಧ್ಯಾಹ್ನ ಅತ್ತಿಗೆ ಹಸುಗಳಿಗೆ ನೀರು ಕುಡಿಸಲು ಹೋಗಿದ್ದಾಗ ಪಕ್ಕಕ್ಕೆ ಸರಿದು ಕೂತು ಹೇಳಿದಳು:

“ಎಲ್ರೂ ಉಂತೀವಿ. ನಿಂಗೊಬ್ಳಿಗೇ ಯಾಕಾದದು? ನಿಂದು ಬ್ಯಾರೆ ಬೋಸಿ ಕಣ್ಮಗ.”

ನಮ್ಮ ಕಡೆಯವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ. ಹೊಟ್ಟೆಕಿಚ್ಚಿನವರು ಊಟದಲ್ಲಿ ಮದ್ದು ಬೆರೆಸಿ ಇಕ್ಕುತ್ತಾರೆ, ಅದು ಹೊಟ್ಟೆಯಲ್ಲಿ ಅಂಟಿಕೊಂಡು ಉಂಡವರನ್ನು ದಿನದಿನಕ್ಕೆ ಸವೆಸುತ್ತದೆ ಎಂಬ ನಂಬಿಕೆ ನಮ್ಮ ಊರುಗಳಲ್ಲಿ ಇನ್ನೂ ಹೋಗಿಲ್ಲ. ಎದುರಿಗೆ ಯಾರೂ ಆಡುವುದಿಲ್ಲ, ಒಳಗೊಳಗೆ ಎಲ್ಲರೂ ಹೆದರುತ್ತಾರೆ. ಅದೇ ವರ್ಷ ಜಮೀನಿನ ಖಾತೆಯನ್ನು ಅಣ್ಣನ ಹೆಸರಿಗೆ ಬದಲಾಯಿಸಲು ನನ್ನ ರುಜು ಬೇಕು ಎಂದು ಮಾತು ಬಂದಿತ್ತು, ನಾನು ನೋಡೋಣ ಅಂದಿದ್ದೆ. ಅವ್ವನ ಪಾಲಿಗೆ ಅಷ್ಟೇ ಸಾಕಾಯಿತು. ಇಪ್ಪತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟ ನಾನು ಮೊದಲು ನಕ್ಕೆ. ಮೂರನೇ ಸಲ ಮೈ ಕೆಂಪಾದಾಗ ನಗಲಿಲ್ಲ.

ಬನ್ನೂರಿನ ಆಚೆ ಒಂದು ಹಳ್ಳಿಯಲ್ಲಿ ಮದ್ದು ತೆಗೆಯುವ ಮುದುಕಿ ಇದ್ದಳು. ಅವ್ವ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ನಾನೇ ಹೋದೆ ಅನ್ನುವುದು ಸರಿ, ಯಾರೂ ಕಟ್ಟಿ ಎಳೆದುಕೊಂಡು ಹೋಗಲಿಲ್ಲ. ಮುದುಕಿ ಏನೋ ಸೊಪ್ಪಿನ ರಸ ಕುಡಿಸಿದಳು, ಕಹಿಯೆಂದರೆ ಕಹಿ. ಕರುಳು ಬಾಯಿಗೆ ಬರುವಂತೆ ವಾಂತಿಯಾಯಿತು. ಅವಳು ಬೇಸಿನ್ನಿನೊಳಗೆ ಕಡ್ಡಿಯಾಡಿಸಿ, ಕೂದಲು ಸುತ್ತಿಕೊಂಡಂಥ ಒಂದು ಕರೀ ಉಂಡೆ ಎತ್ತಿ ತೋರಿಸಿ, ಇಕ್ಕಿ ಆರು ತಿಂಗಳಾಗಿದೆ, ಮನೆಯೊಳಗಿನ ಕೈ ಎಂದಳು. ಆ ಕರೀ ಉಂಡೆ ಅವಳ ಸೆರಗಿನಿಂದ ಬಂತೋ ನನ್ನ ಹೊಟ್ಟೆಯಿಂದ ಬಂತೋ ನೋಡುವಷ್ಟು ಕಣ್ಣು ನನಗೆ ಅವತ್ತು ಇರಲಿಲ್ಲ. ಹೊಟ್ಟೆ ಖಾಲಿಯಾಗಿ ಮೈ ಹಗುರವೆನ್ನಿಸಿತು. ನಂಬಿದೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಮನೆಗೆ ಬಂದವಳೇ ಅವ್ವ ದೇವರ ಮುಂದೆ ತಟ್ಟೆಯಲ್ಲಿ ಕರ್ಪೂರ ಹಚ್ಚಿ ಅತ್ತಿಗೆಯನ್ನು ಕರೆದಳು. ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಬಡಿದು ಆರಿಸಿ ಆಣೆ ಮಾಡಿದರೆ ಅದಕ್ಕಿಂತ ದೊಡ್ಡ ಆಣೆ ನಮ್ಮಲ್ಲಿಲ್ಲ. ಅತ್ತಿಗೆಗೆ ಮೊದಲು ಅರ್ಥವೇ ಆಗಲಿಲ್ಲ. ಯಾರ ಮೇಲೆ, ಯಾವುದಕ್ಕೆ ಎಂದು ಕೇಳಿದಳು. ಅರ್ಥವಾದ ಮೇಲೆ ಅವಳು ಅವ್ವನ ಮುಖ ನೋಡಲಿಲ್ಲ, ಬಾಗಿಲಲ್ಲಿ ನಿಂತಿದ್ದ ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡಿದೆ. ಅಣ್ಣ ಹೊರಗೆ ಕೆಮ್ಮುತ್ತಾ ನಿಂತಿದ್ದ, ಒಳಗೆ ಬರಲಿಲ್ಲ.

“ನನ್ ಕೈಯಿಂದ ಇವ್ಳಿಗೆ ಕೆಟ್ಟುದ್ದು ಓಗಿದ್ರೆ, ನನ್ ಕೈ ಸೇದೋಗ್ಲಿ,” ಎಂದು ಹೇಳಿ ಅಂಗೈಯಿಂದ ಕರ್ಪೂರ ಆರಿಸಿದಳು. ಅಷ್ಟು ಹೇಳಿ ಒಳಗೆ ಹೋದಳು. ಅಳಲಿಲ್ಲ.

ಮುಂದಿನ ಭಾನುವಾರ ಹೋದಾಗ ನನ್ನ ಬೋಸಿ ಇರಲಿಲ್ಲ. ಎಲ್ಲರಿಗೂ ಮಾಡಿದ ಬಿಸಿ ಸಾರನ್ನೇ ನನಗೂ ಹಾಕಿದಳು. ಹಾಕಿದವಳು ತಟ್ಟೆಯನ್ನು ನನ್ನ ಕಡೆ ತಳ್ಳುವ ಮೊದಲು ನನ್ನ ಮುದ್ದೆಯಿಂದ ಒಂದು ಚೂರು ಮುರಿದು, ನನ್ನ ಸಾರಿನಲ್ಲಿ ಅದ್ದಿ, ನನ್ನೆದುರಿಗೇ ನುಂಗಿದಳು. ಆಮೇಲೆ ತಟ್ಟೆ ತಳ್ಳಿದಳು. ಅಂಥ ಊಟ ಯಾವ ವೈರಿಗೂ ಬೇಡ. ಅವತ್ತು ನನ್ನ ಮೈ ಕೆಂಪಾಗಲಿಲ್ಲ, ಅದರ ಮುಂದಿನ ವಾರವೂ ಆಗಲಿಲ್ಲ. ಅವ್ವ ಗೆದ್ದವಳ ಹಾಗೆ, ನೋಡಿದ್ಯಾ, ಆಣೆ ಮಾಡಿಸಿದ ಮೇಲೆ ನಿಂತುಹೋಯಿತು ಎಂದಳು. ನನಗೂ ಹಾಗೇ ಕಂಡಿತು. ಬಿಸಿ ಸಾರು ಬೇರೆ, ಎತ್ತಿಟ್ಟ ಸಾರು ಬೇರೆ ಎಂದು ಹೊಳೆಯಲಿಲ್ಲ.

ಮೂರು ಭಾನುವಾರ ಆ ತುತ್ತನ್ನು ನೋಡಿದೆ. ನಾಲ್ಕನೆಯದಕ್ಕೆ ಹೋಗಲಿಲ್ಲ. ಶಾಲೆಯಲ್ಲಿ ಕೆಲಸ ಇದೆ ಎಂದೆ, ಜನಗಣತಿ ಎಂದೆ, ಚುನಾವಣೆ ಡ್ಯೂಟಿ ಎಂದೆ. ಮೇಷ್ಟ್ರುಗಳಿಗೆ ನೆಪಕ್ಕೆ ಬರವೇ? ಒಂದು ವರ್ಷದಲ್ಲಿ ಅವ್ವ ತೀರಿಕೊಂಡಳು, ಅದಕ್ಕೆ ಹೋದೆ, ತಿಥಿಗೆ ಹೋದೆ. ಅಷ್ಟೇ. ಪ್ರತಿ ವರ್ಷ ಗೌರಿ ಹಬ್ಬಕ್ಕೆ ಅಣ್ಣ ತವರಿನ ಬಾಗಿನ ತಂದುಕೊಡುತ್ತಿದ್ದ. ಬಳೆ, ಅರಿಶಿನ ಕುಂಕುಮ, ರವಿಕೆ ಕಣ, ಮೊರ, ಯಾವುದಕ್ಕೂ ಕೊರತೆಯಿಲ್ಲ. ಮೊದಲೆಲ್ಲ ಅದರ ಜೊತೆ ಚಕ್ಕುಲಿಯದೋ ಉಪ್ಪಿನಕಾಯಿಯದೋ ಒಂದು ಡಬ್ಬಿ ಬರುತ್ತಿತ್ತು. ಈಗ ಬಾಯಿಗೆ ಹಾಕುವಂಥದ್ದು ಒಂದೂ ಇರುತ್ತಿರಲಿಲ್ಲ. ಕಳಿಸಿದವಳ ಮರೆವಲ್ಲ ಅದು. ಅಣ್ಣ ಹೋದ ಮೇಲೆ ಮೊರ ಮುಂದಿಟ್ಟುಕೊಂಡು ನಾನು ಅಳುತ್ತಿದ್ದೆ.

ಅಷ್ಟರಲ್ಲಿ ಕಾಯಿಲೆ ನಮ್ಮ ಮನೆಯೊಳಗೇ ಕಾಲು ಚಾಚಿತು. ಟೊಮೇಟೊ ಗೊಜ್ಜು ತಿಂದರೆ ತುಟಿ ಊದಿತು. ಬೆಳಿಗ್ಗೆಯ ಸಾಂಬಾರನ್ನು ಸಂಜೆ ಉಂಡರೆ ಮೈ ಕಡಿಯಿತು. ಇಲ್ಲಿ ಮದ್ದು ಇಕ್ಕುವವರು ಯಾರು? ಅಡುಗೆ ಮಾಡುವವಳು ನಾನೇ. ಯಜಮಾನರು, ನಿನಗೆ ನೀನೇ ಮದ್ದು ಹಾಕಿಕೊಳ್ಳುತ್ತಿದ್ದೀಯ ಎಂದು ತಮಾಷೆ ಮಾಡಿದರು. ಆ ತಮಾಷೆ ನನ್ನೊಳಗೆ ಎಲ್ಲಿ ಹೋಗಿ ಚುಚ್ಚಿತೆಂದು ಅವರಿಗೆ ಗೊತ್ತಾಗಲಿಲ್ಲ. ಆವತ್ತು ರಾತ್ರಿ ಊಟ ಬಿಟ್ಟೆ.

ಮೂರು ಡಾಕ್ಟರು ಮುಲಾಮು ಮಾತ್ರೆ ಕೊಟ್ಟರು. ನಾಲ್ಕನೆಯವರು ಮೈಸೂರಿನವರು, ವಯಸ್ಸಾದ ಹೆಂಗಸು. ಅವರು ಏನು ತಿಂದೆ ಎಂದು ಕೇಳಿದ ಮೇಲೆ ಇನ್ನೊಂದು ಮಾತು ಕೇಳಿದರು: “ಅದು ಯಾವತ್ತು ಮಾಡಿದ್ದು?”

ಇಷ್ಟು ವರ್ಷದಲ್ಲಿ ನನ್ನನ್ನು ಹಾಗೆ ಕೇಳಿದವರೇ ಇರಲಿಲ್ಲ. ಏನು ತಿಂದೆ, ಯಾರ ಮನೆಯಲ್ಲಿ ತಿಂದೆ, ಯಾರ ಕೈಯಿಂದ ತಿಂದೆ, ಎಲ್ಲ ಕೇಳಿದ್ದರು. ಯಾವತ್ತು ಮಾಡಿದ್ದು ಎಂದು ಮಾತ್ರ ಅವ್ವನೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಡಾಕ್ಟರು ನಿಧಾನವಾಗಿ ತಿಳಿಸಿ ಹೇಳಿದರು. ಊಟದಲ್ಲಿ ಹಿಸ್ಟಮಿನ್ ಎಂಬುದೊಂದು ಇರುತ್ತದಂತೆ. ಅಡುಗೆಯನ್ನು ಇಟ್ಟಷ್ಟೂ ಅದು ಬೆಳೆಯುತ್ತದಂತೆ. ಹಳಸಬೇಕಾಗಿಲ್ಲ, ಕೆಡಬೇಕಾಗಿಲ್ಲ, ಕಾಯಿಸಿದರೂ ಹೋಗುವುದಿಲ್ಲ. ಬೇರೆಯವರ ಹೊಟ್ಟೆ ಅದನ್ನು ಕರಗಿಸಿಕೊಳ್ಳುತ್ತದೆ, ನಿಮ್ಮದಕ್ಕೆ ಆ ಶಕ್ತಿ ಸಾಲದೇನೋ ಎಂದರು. ಇದೇ ಎಂದು ಹೇಳುವ ರಕ್ತಪರೀಕ್ಷೆ ಇಲ್ಲ, ಕೆಲವನ್ನು ಬಿಟ್ಟು ನೋಡಿ, ಒಂದೊಂದಾಗಿ ಮತ್ತೆ ತಿಂದು ನೋಡಿ ಎಂದು ಪಟ್ಟಿ ಬರೆದುಕೊಟ್ಟರು. ಒಣಮೀನು. ಒಣಗಿಸಿದ ಬಾಡು. ಉಪ್ಪಿನಕಾಯಿ. ಹುಳಿ ಮೊಸರು. ಬದನೆಕಾಯಿ, ಟೊಮೇಟೊ. ತೀರಾ ಕಳಿತ ಬಾಳೆಹಣ್ಣು. ಎತ್ತಿಟ್ಟ ಸಾರು. ಆ ಚೀಟಿ ಹಿಡಿದು ಬಸ್ಸಿನಲ್ಲಿ ಕೂತಾಗ ಅದು ನಮ್ಮ ಅತ್ತಿಗೆಯ ಅಡುಗೆಮನೆಯನ್ನು ನೋಡಿಕೊಂಡೇ ಬರೆದ ಹಾಗಿತ್ತು. ಅವಳು ನನಗಾಗಿ ಜೋಪಾನ ಮಾಡಿದ್ದೆಲ್ಲ ಅದರಲ್ಲಿತ್ತು.

ಪಟ್ಟಿಯ ಪ್ರಕಾರ ಬದುಕತೊಡಗಿದೆ. ಆರು ವಾರಕ್ಕೆ ಮೈ ತಿಳಿಯಾಯಿತು. ಮನಸ್ಸು ಆಗಲಿಲ್ಲ. ಈ ಕಾಯಿಲೆಯವರು ಬೇರೆ ಯಾರಾದರೂ ಇದ್ದಾರೆಯೇ ಎಂದು ಫೋನಿನಲ್ಲಿ ಹುಡುಕುವಾಗ ಮೆಕ್ಸಿಕೊ ದೇಶದ ಒಬ್ಬ ಹೆಂಗಸು ಬರೆದದ್ದು ಸಿಕ್ಕಿತು. ಫೋನೇ ಅದನ್ನು ಕನ್ನಡ ಮಾಡಿ ತೋರಿಸಿತು, ಅಷ್ಟೋ ಇಷ್ಟೋ. ಮೆಣಸಿನಕಾಯಿ, ಟೊಮೇಟೊ ಎರಡೂ ಅವರ ಕಡೆಯಿಂದಲೇ ನಮಗೆ ಬಂದವಂತೆ. ಅವರಲ್ಲೂ ಕಪ್ಪು ಹುರುಳಿಯಂಥ ಕಾಳನ್ನು ಮಡಕೆಯಲ್ಲಿ ಬೇಯಿಸಿ ಮೂರು ದಿನ ಕಾಯಿಸಿ ಕಾಯಿಸಿ ಉಣ್ಣುತ್ತಾರೆ. ಮೆಣಸಿನಕಾಯಿ, ಟೊಮೇಟೊ, ಕೋಕೊ ಎಲ್ಲ ರುಬ್ಬಿ ಎರಡು ದಿನ ಕುದಿಸಿದ ಗೊಜ್ಜು ಇಲ್ಲದೆ ಅವರಿಗೆ ಮದುವೆಯೇ ಆಗುವುದಿಲ್ಲ. ಅದನ್ನೆಲ್ಲ ಆಕೆ ಮುಟ್ಟುವಂತಿಲ್ಲ. ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರುಬ್ಬಿ, ಆ ಗಳಿಗೆಯಲ್ಲೇ ತಟ್ಟಿದ ರೊಟ್ಟಿಯೊಂದು ಮಾತ್ರ ತನ್ನನ್ನು ಕೈಬಿಟ್ಟಿಲ್ಲ ಎಂದು ಬರೆದಿದ್ದಳು.

ಸುಣ್ಣ ನಮ್ಮ ಮನೆಯಲ್ಲಿ ಇಲ್ಲವೇ? ಯಜಮಾನರ ಎಲೆ ಅಡಿಕೆಯ ಡಬ್ಬಿಯಿಂದ ಸುಣ್ಣ ತೆಗೆದು ನೀರಿಗೆ ಕಲಸಿ, ತಿಳಿ ಬಸಿದು, ಸಂತೆಯ ಮುಸುಕಿನ ಜೋಳವನ್ನು ಅದರಲ್ಲಿ ಬೇಯಿಸಿ ನೆನೆಹಾಕಿದೆ. ಬೆಳಿಗ್ಗೆ ಸಿಪ್ಪೆ ಉಜ್ಜಿ ತೊಳೆದು ರುಬ್ಬಿದೆ. ರೊಟ್ಟಿ ಘಮ್ಮೆಂದಿತು. ಬೆಣ್ಣೆ ಸವರಿ ನಾಲ್ಕು ತಿಂದೆ, ಮೈಗೆ ಏನೂ ಆಗಲಿಲ್ಲ. ಯಜಮಾನರು, ಜೋಳಕ್ಕೂ ಎಲೆ ಅಡಿಕೆ ಹಾಕಿಸಿದೆಯಲ್ಲ ಎಂದು ನಕ್ಕರು, ನಕ್ಕವರೇ ಐದು ತಿಂದರು. ನನಗೂ ಬಹಳ ದಿನದ ಮೇಲೆ ನಗು ಬಂತು.

ಆದರೆ ಆ ಹೆಂಗಸು ಕೊನೆಯಲ್ಲಿ ಬರೆದದ್ದು ನನ್ನನ್ನು ಬಿಡಲಿಲ್ಲ. ಅವಳು ತಟ್ಟೆ ದೂರ ತಳ್ಳುವುದನ್ನು ಕಂಡ ಅಜ್ಜಿ, ಮೊಮ್ಮಗಳಿಗೆ ತನ್ನ ಕೈಯಡುಗೆ ಹೇಸಿಗೆಯಾಗಿದೆ ಎಂದುಕೊಂಡೇ ತೀರಿಹೋದಳಂತೆ. ಕಾಯಿಲೆಯ ಹೆಸರು ಗೊತ್ತಾದದ್ದು ಆಮೇಲೆ. ಹೇಳೋಣವೆಂದರೆ ಅಜ್ಜಿಯೇ ಇಲ್ಲ. ನಾನು ಫೋನು ಕೆಳಗಿಟ್ಟೆ. ನಮ್ಮ ಅತ್ತಿಗೆಗೆ ಐವತ್ತೇಳು, ಗಟ್ಟಿಯಾಗಿದ್ದಾಳೆ, ಒಂದು ಗಂಟೆಯ ದಾರಿಯಲ್ಲಿದ್ದಾಳೆ. ಮುಂದಿನ ಭಾನುವಾರ ಯಾರಿಗೂ ಹೇಳದೆ ನಂಜನಗೂಡಿನ ಕಡೆಯ ಬಸ್ಸು ಹತ್ತಿದೆ.

ಅವರೆಕಾಯಿಯ ಕಾಲ ಅದು. ಅತ್ತಿಗೆ ಹಿತ್ತಲಿನ ಬಿಸಿಲಿನಲ್ಲಿ ಮಂಕರಿ ತುಂಬ ಕಾಯಿ ಸುರಿದುಕೊಂಡು ಸುಲಿಯುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ನನ್ನನ್ನು ನೋಡಿ, ಬಂದೇನವ್ವ ಎಂದು ಮಣೆ ಸರಿಸಿದಳು, ಅಷ್ಟೇ. ಅಣ್ಣ ಗದ್ದೆಗೆ ಹೋಗಿದ್ದ. ನಾನೂ ಕೂತು ಕಾಯಿ ಸುಲಿಯತೊಡಗಿದೆ. ಸೊಗಡು ಕೈಗೆ ಅಂಟಿತು. ಅರ್ಧ ಮಂಕರಿ ಮುಗಿಯಿತು. ಆಮೇಲೆ ಎಲ್ಲವನ್ನೂ ಹೇಳಿದೆ. ಡಾಕ್ಟರು ಕೇಳಿದ್ದು, ಪಟ್ಟಿ, ಆರು ವಾರ, ಎಲ್ಲ. ಮುದುಕಿಯ ಉಂಡೆ ಬರೀ ಸುಳ್ಳು ಎಂದೆ. ನಿನ್ನದು ಎಳ್ಳಷ್ಟೂ ತಪ್ಪಿಲ್ಲ, ಅವತ್ತು ಬಾಯಿಬಿಡದೆ ನಿಂತ ನನ್ನದೇ ತಪ್ಪು ಎಂದೆ. ಇಷ್ಟು ಹೇಳಿದರೆ ಅವಳ ಎದೆಯ ಮೇಲಿನ ಕಲ್ಲು ಇಳಿಯುತ್ತದೆ ಎಂದುಕೊಂಡಿದ್ದೆ.

ಅವಳ ಕೈ ನಿಂತಿತು. ಎತ್ತಿಟ್ಟಿದ್ದಕ್ಕೇ ಆಯಿತೇ ಎಂದು ಕೇಳಿದಳು. ಹೌದೆಂದೆ. ಎಷ್ಟು ದಿನ ಇಟ್ಟರೆ ಎಂದು ಕೇಳಿದಳು. ನನ್ನ ಮೈಗೆ ಒಂದು ದಿನವೂ ಹೆಚ್ಚೇ ಎಂದೆ. ಅವಳು ಸುಲಿದ ಕಾಳನ್ನು ಮೊರಕ್ಕೆ ಸುರಿದಳು. ಆಣೆ ಮಾಡಿದ ಸಂಜೆ ನನ್ನ ಬೋಸಿಯಲ್ಲಿ ಉಳಿದಿದ್ದ ಸಾರನ್ನೆಲ್ಲ ತಾನೊಬ್ಬಳೇ ಉಂಡು ಮುಗಿಸಿದ್ದಾಗಿ ಹೇಳಿದಳು. ಹಲ್ಲಿ ಗಿಲ್ಲಿ ಬಿದ್ದಿತ್ತೇನೋ, ಇದ್ದರೆ ತನಗೂ ಆಗಲಿ, ಸತ್ಯ ತಿಳಿಯಲಿ ಎಂದು. ಏನೂ ಆಗಲಿಲ್ಲವಂತೆ. ಆವತ್ತಿನಿಂದ ಈ ಆರು ವರ್ಷ, ತನ್ನ ಕೈ ಶುದ್ಧ ಎಂಬ ಒಂದೇ ಧೈರ್ಯದ ಮೇಲೆ ಆ ಮನೆಯಲ್ಲಿ ತಲೆಯೆತ್ತಿಕೊಂಡು ಓಡಾಡಿದ್ದಾಗಿ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಅಂಗಾರೆ ಓಗಿದ್ದು ನನ್ ಕೈಯಿಂದ್ಲೇಯ. ನನ್ ಆಣೆ ಸುಳ್ಳಾಯ್ತಲ್ಲವ್ವ.”

ತಪ್ಪು ಒಪ್ಪಿಕೊಳ್ಳಲು ಬಂದವಳು ಅವಳ ಹತ್ತಿರ ಉಳಿದಿದ್ದ ಆ ಒಂದೇ ಧೈರ್ಯವನ್ನೂ ಕಿತ್ತುಕೊಂಡಿದ್ದೆ. ಇಲ್ಲ ಅತ್ತಿಗೆ, ಹಾಗಲ್ಲ, ನೀನು ಪ್ರೀತಿಯಿಂದ ಇಟ್ಟೆ, ಕೆಟ್ಟದ್ದು ನನ್ನ ಹೊಟ್ಟೆಯದು ಎಂದು ಅದನ್ನೇ ಹತ್ತು ಸಲ ಹೇಳಿದೆ. ಅವಳ ಕಾಲು ಹಿಡಿಯಲು ಹೋದೆ, ಕಾಳಿನ ಮೊರ ಮಗುಚಿಬಿತ್ತು. ಅವಳು ಬುಡವ್ವ, ಬುಡು ಎನ್ನುತ್ತಾ ಚೆಲ್ಲಿದ ಕಾಳು ಬಳಿದಳು.

ಅವತ್ತು ಅಲ್ಲೇ ಅಡುಗೆ ಮಾಡಿದಳು. ಏನು ಹಾಕಬಹುದು, ಏನು ಹಾಕಬಾರದು ಎಂದು ಒಂದೊಂದಕ್ಕೂ ಕೇಳಿದಳು. ಟೊಮೇಟೊ ಬೇಡ, ಹುಣಿಸೆಹಣ್ಣೂ ಬೇಡ ಎಂದೆ. ಆಗ ತಾನೇ ಸುಲಿದ ಕಾಳು, ಹಿತ್ತಲಿನ ಸೊಪ್ಪು, ಉಪ್ಪು, ಜೀರಿಗೆ, ಬೆಳ್ಳುಳ್ಳಿ. ಒಲೆಯಿಂದಿಳಿಸಿ ನೇರವಾಗಿ ತಟ್ಟೆಗೆ ಹಾಕಿದಳು. ಹಾಕಿದವಳ ಕೈ ನನ್ನ ಮುದ್ದೆಯ ಮೇಲೆ ಹೋಯಿತು, ಮೊದಲ ಚೂರು ಮುರಿಯಿತು. ಬೇಡ ಅತ್ತಿಗೆ ಎಂದೆ. ಅಭ್ಯಾಸವಾಗಿಹೋಗಿದೆ ಎಂದು ಅವಳು ಆ ಚೂರನ್ನು ತಟ್ಟೆಗೇ ಬಿಟ್ಟಳು. ಸಾರು ಚೆನ್ನಾಗಿತ್ತು. ಸುಳ್ಳು ಹೇಳಬಾರದು, ನನ್ನ ನಾಲಿಗೆ ಕೇಳುತ್ತಿದ್ದದ್ದು ಅದನ್ನಲ್ಲ. ಮೂರು ದಿನ ನನ್ನ ದಾರಿ ನೋಡಿದ ಆ ಕಪ್ಪನೆಯ ಗಟ್ಟಿ ಸಾರನ್ನೇ ಅದು ಕೇಳುತ್ತಿತ್ತು, ಈಗಲೂ ಕೇಳುತ್ತದೆ. ಅದನ್ನು ತಾಳಿಕೊಳ್ಳುವ ಮೈ ನನಗಿಲ್ಲ. ಅದನ್ನು ಇಡುವ ಮನಸ್ಸನ್ನು ಅವಳಲ್ಲಿ ನಾನೇ ಕೊಂದೆ. ಸಂಜೆ ಬಸ್ಸು ಬರುವವರೆಗೂ ಅವಳು ಐದು ನಿಮಿಷಕ್ಕೊಮ್ಮೆ ನನ್ನ ಕುತ್ತಿಗೆ ನೋಡುತ್ತಿದ್ದಳು. ಹೊರಡುವಾಗ, ಇನ್ನು ಮೇಲೆ ಊಟದ ಹೊತ್ತಿಗೆ ಬರಬೇಡ, ಒಲೆ ಹಚ್ಚುವ ಹೊತ್ತಿಗೆ ಬಾ ಎಂದಳು.

ಅದಾಗಿ ಎಂಟನೇ ದಿನ ಸೋಮವಾರ ಅಣ್ಣ ಫೋನು ಮಾಡಿ, ನಿಮ್ಮತ್ತಿಗೆ ಬೆಳಿಗ್ಗೆಯೇ ಒಬ್ಬಳೇ ನಂಜನಗೂಡಿಗೆ ಹೊರಟಿದ್ದಾಳೆ, ಯಾಕೆಂದು ಬಾಯಿಬಿಡುತ್ತಿಲ್ಲ ಎಂದ. ನಾನು ಶಾಲೆಗೆ ರಜಾ ಹಾಕಿ ಓಡಿದೆ. ಕಪಿಲಾ ನದಿಯಲ್ಲಿ ಮುಳುಗಿ, ಒದ್ದೆ ಸೀರೆಯಲ್ಲೇ ದೇವಸ್ಥಾನದ ಸಾಲಿನಲ್ಲಿ ನಿಂತಿದ್ದಳು. ಕೈಯಲ್ಲಿ ಅರಿಶಿನದ ಬಟ್ಟೆಯಲ್ಲಿ ಕಟ್ಟಿದ ಗಂಟು. ಏನದು ಎಂದು ಕೇಳಬೇಕಾಗಿರಲಿಲ್ಲ. ದೇವರಿಗೆ ತಪ್ಪಿ ನಡೆದವರು ಒಪ್ಪಿಸುವ ತಪ್ಪುಕಾಣಿಕೆ ಅದು. ಸುಳ್ಳು ಆಣೆಗೆ ಕಟ್ಟಿಕೊಂಡು ಬಂದಿದ್ದಳು. ನಾನು ಅವಳ ಹಿಂದೆ ಸಾಲಿನಲ್ಲಿ ನಿಂತು, ಹಾಕಬೇಕಾದವಳು ನಾನು, ಅದನ್ನು ನನ್ನ ಕೈಗೆ ಕೊಡು ಎಂದೆ. ಸಾಲು ಮುಂದೆ ಸರಿಯಿತು. ಅವಳು ಗಂಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

“ನೀನೇನ್ ತೆಪ್ಪು ಮಾಡಿದ್ದೀಯ, ತಾಯಿ,” ಎಂದಳು. “ನೀನು ಉಂಡೋಳು. ಇಕ್ಕಿದೋಳು ನಾನು.”